ಅಜ್ಜಿ ಕಟ್ಟದ ಸೊಪ್ಪು

ನಮ್ಮೂರು ಸಕಲೇಶಪುರದಿಂದ ಇನ್ನೂ ಒಳಗೆ. ಕಾಫಿ ತೋಟಗಳ ನಡುವೆ ಮನೆ. ಕೆಲಸ ಮಾಡುವಾಗ ಕತ್ತಿ ತಾಗಿದರೆ ಅಲ್ಲಿ ಯಾರೂ ಮೊದಲು ಮೆಡಿಕಲ್ ಶಾಪ್ ನೆನೆಯುವುದಿಲ್ಲ. ಬೇಲಿ ಬದಿಯ ಕಮ್ಯುನಿಸ್ಟ್ ಗಿಡದಿಂದ ನಾಲ್ಕು ಎಲೆ ಕಿತ್ತು, ಅಂಗೈಯಲ್ಲಿ ತಿಕ್ಕಿ, ರಸ ಹಿಂಡಿ, ಗಾಯದ ಮೇಲೆ ಒತ್ತಿ ಹಿಡಿಯುತ್ತಾರೆ. ನನ್ನ ಎಡಗೈ ಹೆಬ್ಬೆರಳಲ್ಲಿ ಈಗಲೂ ಒಂದು ಗೆರೆ ಇದೆ. ಏಳನೇ ಕ್ಲಾಸಿನಲ್ಲಿದ್ದಾಗ ಹಲಸಿನಕಾಯಿ ಹೆಚ್ಚಲು ಹೋಗಿ ಆದದ್ದು. ಅಜ್ಜಿ ಆ ಸೊಪ್ಪಿನ ರಸ ಬಿಟ್ಟಾಗ ಉರಿ ತಡೆಯಲಾರದೆ ಕೂಗಿದ್ದು ನೆನಪಿದೆ. ರಕ್ತ ನಿಂತದ್ದೂ ನೆನಪಿದೆ.

ಅದೇ ಮನೆಯಲ್ಲಿ ನಮ್ಮ ಅಜ್ಜನಿಗೆ ಸಕ್ಕರೆ ಕಾಯಿಲೆ ಇತ್ತು. ಚಪ್ಪಲಿ ಕಚ್ಚಿ ಕಾಲಿಗೆ ಸಣ್ಣ ಗಾಯ ಆಯಿತು. ಅದು ಮಾಯಲೇ ಇಲ್ಲ. ಬ್ಯಾಂಡೇಜ್ ಬಿಚ್ಚಿದರೆ ಬಟ್ಟೆಯ ಮೇಲೆ ಹಸಿರು ಕಲೆ. ಅದಕ್ಕೊಂದು ವಾಸನೆ, ಹುಳಿ ಬಂದ ದ್ರಾಕ್ಷಿಯ ಥರ. ಆಸ್ಪತ್ರೆಯಲ್ಲಿ ಕೀವು ತೆಗೆದು, ಯಾವ ಬ್ಯಾಕ್ಟೀರಿಯಾ ಎಂದು ಬೆಳೆಸಿ ನೋಡುವ ಕಲ್ಚರ್‌ಗೆ ಕಳಿಸಿದರು. ರಿಪೋರ್ಟಿನಲ್ಲಿ ‘ಸ್ಯೂಡೋಮೋನಾಸ್’ ಎಂದು ಬರೆದಿತ್ತು. ಕೆಳಗೆ ಆ್ಯಂಟಿಬಯಾಟಿಕ್‌ಗಳ ಪಟ್ಟಿ. ಒಂದೊಂದರ ಮುಂದೆ ‘ಎಸ್’ ಅಥವಾ ‘ಆರ್’. ಆರ್‌ಗಳೇ ಜಾಸ್ತಿ ಇದ್ದವು. ಎಸ್ ಎಂದರೆ ಔಷಧಿ ನಾಟುತ್ತದೆ, ಆರ್ ಎಂದರೆ ನಾಟುವುದಿಲ್ಲ ಎಂದು ಡಾಕ್ಟರು ಅಪ್ಪನಿಗೆ ಹೇಳಿದರು. ಕೊನೆಗೆ ಎರಡು ಬೆರಳು ತೆಗೆಯಬೇಕಾಯಿತು. ಅದಾದ ಮೇಲೆ ಅಜ್ಜ ಒಂದು ವರ್ಷ ಇದ್ದರು.

ಆಗ ನಾನು ಪಿಯುಸಿ. ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಎಲ್ಲರ ಗಾಯಕ್ಕೂ ಸೊಪ್ಪು ಹಿಂಡುವ ಅಜ್ಜಿ, ಅಜ್ಜನ ಕಾಲಿಗೆ ಯಾಕೆ ಹಿಂಡಲಿಲ್ಲ? ಹಿಂಡಿದ್ದರೆ? ಅಜ್ಜಿಯನ್ನು ಕೇಳುವ ಧೈರ್ಯ ಬರಲಿಲ್ಲ. ನೋವಾಗುತ್ತದೆ ಅನಿಸಿತು.

ಐದು ವರ್ಷ ಆದಮೇಲೆ ಹಾಸನದಲ್ಲಿ ಮೈಕ್ರೋಬಯಾಲಜಿ ಎಂಎಸ್ಸಿ ಓದುವಾಗ ಪ್ರಾಜೆಕ್ಟ್ ವಿಷಯ ಆರಿಸಿಕೊಳ್ಳಿ ಎಂದರು. ನಾನು ಯೋಚನೆಯನ್ನೇ ಮಾಡಲಿಲ್ಲ. ಗಿಡದ ಸಾರ ರೋಗ ತರುವ ಬ್ಯಾಕ್ಟೀರಿಯಾವನ್ನು ತಡೆಯುತ್ತದಾ ಎಂದು ನೋಡುತ್ತೇನೆ ಎಂದೆ. ಗೈಡ್ ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಈ ವಿಷಯ ಪ್ರತಿ ವರ್ಷ ಯಾರಾದರೂ ಮಾಡ್ತಾರೆ. ಸಾರದ ಸುತ್ತ ಬ್ಯಾಕ್ಟೀರಿಯಾ ಬೆಳೀದೇ ಇರೋ ವೃತ್ತ ಬಂತು ಅಂತ ಫೋಟೋ ಹಾಕ್ತಾರೆ, ಮುಗೀತು ಅಂತಾರೆ. ನೀನು ಮಾಡೋದಾದ್ರೆ ಸರಿಯಾಗಿ ಮಾಡು. ಬರಲಿಲ್ಲ ಅಂದ್ರೂ ಹಾಗೇ ಬರಿ” ಎಂದರು. ಆ ಮಾತು ಮುಂದೆ ಎಷ್ಟು ಭಾರ ಆಗುತ್ತದೆ ಎಂದು ಅವತ್ತು ಗೊತ್ತಾಗಲಿಲ್ಲ.

ಮೂರು ಗಿಡ ಆರಿಸಿದೆ. ಅಜ್ಜಿಯ ಕಮ್ಯುನಿಸ್ಟ್ ಗಿಡ ಒಂದು. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಕ್ರೋಮೋಲೀನಾ ಒಡೊರಾಟಾ ಎನ್ನುತ್ತಾರೆ. ಇದು ನಮ್ಮ ನೆಲದ ಗಿಡ ಅಲ್ಲ. ಅಮೆರಿಕ ಖಂಡದಿಂದ ಬಂದು ಪಶ್ಚಿಮ ಘಟ್ಟದ ಬದುವೆಲ್ಲ ಹಬ್ಬಿದ ಕಳೆ. ಎರಡನೆಯದು ಲಕ್ಕಿ ಸೊಪ್ಪು. ಮೂರನೆಯದು ದಾಳಿಂಬೆ ಸಿಪ್ಪೆ. ಬೇದಿ ಆದಾಗ ನಮ್ಮಲ್ಲಿ ಅದರ ತಂಬುಳಿ ಮಾಡುತ್ತಾರೆ, ಮಲೆನಾಡಿನವರಿಗೆ ಗೊತ್ತಿರುತ್ತದೆ.

ಬ್ಯಾಕ್ಟೀರಿಯಾವೂ ಮೂರು. ಕುರು, ಕೀವುಗುಳ್ಳೆಗೆ ಕಾರಣವಾಗುವ ಸ್ಟೆಫೈಲೋಕಾಕಸ್ ಆರಿಯಸ್. ಹಸುವಿನ ಕೆಚ್ಚಲು ಬಾವಿಗೂ ಎಷ್ಟೋ ಸಲ ಇದೇ ಕಾರಣ. ಎರಡನೆಯದು ಕರುಳಿನಲ್ಲಿರುವ ಇ. ಕೊಲೈ. ಮೂರನೆಯದು ಸ್ಯೂಡೋಮೋನಾಸ್ ಎರುಜಿನೋಸಾ. ಅದನ್ನು ಸೇರಿಸಿದ್ದು ಯಾಕೆ ಎಂದು ನಾನು ಯಾರಿಗೂ ಹೇಳಲಿಲ್ಲ. ಮೂರೂ ಲ್ಯಾಬುಗಳಲ್ಲಿ ಅಳತೆಗೋಲಿನ ಹಾಗೆ ಬಳಸುವ ತಳಿಗಳು. ತಳಿಗಳನ್ನು ಕಾಪಿಟ್ಟು ಹಂಚುವ ಎಟಿಸಿಸಿ ಎಂಬ ಅಮೆರಿಕದ ಸಂಸ್ಥೆಯ ಲೆಕ್ಕದಲ್ಲಿ 25923, 25922, 27853 ಎಂದು ಅವುಗಳ ನಂಬರ್. ರೋಗಿಯ ಕೀವಿನಿಂದ ತೆಗೆದವಲ್ಲ. ಯಾವ ಆ್ಯಂಟಿಬಯಾಟಿಕ್‌ಗೆ ಇವು ಎಷ್ಟು ಬಗ್ಗುತ್ತವೆ ಎಂದು ಜಗತ್ತಿನ ಎಲ್ಲ ಲ್ಯಾಬಿಗೂ ಗೊತ್ತು. ಹಾಗಾಗಿ ನಮ್ಮ ಕೆಲಸದಲ್ಲಿ ತಪ್ಪಾದರೆ ಇವೇ ಹೇಳಿಬಿಡುತ್ತವೆ.

ಕೆಲಸ ಶುರುವಾಗಿದ್ದು ಜುಲೈನಲ್ಲಿ. ಮಲೆನಾಡಿನ ಜುಲೈ ಹೇಗಿರುತ್ತದೆ ಎಂದು ಬೇರೆ ಹೇಳಬೇಕಾ? ಶನಿವಾರ ಊರಿಗೆ ಹೋಗಿ, ಮಳೆ ಬಿಟ್ಟ ಅರ್ಧ ಗಂಟೆಯಲ್ಲಿ ಎರಡು ಚೀಲ ಸೊಪ್ಪು ಕೊಯ್ದೆ. ಒಂದು ಹೂವಿನ ಸಮೇತ ರೆಂಬೆ ಬೇಕು, ಒಣಗಿಸಿ ಹಾಳೆಗೆ ಅಂಟಿಸಿ ಸಸ್ಯಶಾಸ್ತ್ರದವರಿಂದ ಗುರುತು ಹಿಡಿಸಬೇಕು ಎಂದು ಮೇಡಂ ಹೇಳಿದ್ದರು. ಕಮ್ಯುನಿಸ್ಟ್ ಗಿಡ ಹೂ ಬಿಡುವುದು ಮಳೆಗಾಲ ಕಳೆದ ಮೇಲೆ. ಲಕ್ಕಿಯ ರೆಂಬೆ ಮಾತ್ರ ಸಿಕ್ಕಿತು.

ಸೊಪ್ಪನ್ನು ಬಿಸಿಲಿಗೆ ಹಾಕಬಾರದು. ಬಿಸಿಲಿಗೆ ಎಲೆಯೊಳಗಿನ ಕೆಲವು ಅಂಶ ಕೆಡುತ್ತವೆ, ಘಮ ಕೊಡುವ ಎಣ್ಣೆ ಹಾರಿಹೋಗುತ್ತದೆ. ನೆರಳಲ್ಲೇ ಗರಿಗರಿ ಆಗಬೇಕು. ಹಾಲ್‌ನಲ್ಲಿ ಪೇಪರ್ ಹಾಸಿ ಹರಡಿದೆ. ಮೂರನೇ ದಿನ ಅಮ್ಮ ಫೋನ್ ಮಾಡಿ, ಎಲೆ ಮೇಲೆ ಬಿಳಿ ಬೂಷ್ಟು ಬಂದಿದೆ ಎಂದರು. ಬೂಷ್ಟು ಹಿಡಿದ ಎಲೆ ಬಳಸುವ ಹಾಗಿಲ್ಲ. ಬೂಷ್ಟೇ ಬ್ಯಾಕ್ಟೀರಿಯಾ ಕೊಲ್ಲುವ ವಸ್ತು ಮಾಡುತ್ತದೆ. 1928ರಲ್ಲಿ ಪೆನಿಸಿಲಿನ್ ಸಿಕ್ಕಿದ್ದೇ ಬೂಷ್ಟಿನಿಂದ ಅಲ್ವಾ? ಎಲ್ಲ ಎಸೆದು ಮತ್ತೆ ಕೊಯ್ದೆ.

ಎರಡನೇ ಸಲ ಅಜ್ಜಿಯೇ ದಾರಿ ತೋರಿಸಿದರು. “ಅಟ್ಟಕ್ಕೆ ಹಾಕು ಮಗ. ಒಲೆ ಮೇಲಿನ ಅಟ್ಟ ಮಳೆಗಾಲದಲ್ಲೂ ಬೆಚ್ಚಗಿರುತ್ತೆ” ಎಂದರು. ಸೌತೆಬೀಜ, ಹಾಗಲಬೀಜ ಎಲ್ಲ ಅಲ್ಲೇ ಇಡುವುದು. ಹತ್ತೇ ದಿನಕ್ಕೆ ಸೊಪ್ಪು ಮುಟ್ಟಿದರೆ ಪುಡಿಯಾಗುವ ಹಾಗೆ ಒಣಗಿತು. ಡಬ್ಬಿಗೆ ತುಂಬಿ ಹಾಸನದ ಬಸ್ ಹತ್ತಿದೆ. ಎಷ್ಟು ಖುಷಿಯಾಗಿತ್ತು ಎಂದರೆ ದಾರಿಯುದ್ದಕ್ಕೂ ಡಬ್ಬಿ ತೊಡೆ ಮೇಲಿಂದ ಇಳಿಸಲಿಲ್ಲ.

ದಾಳಿಂಬೆ ಸಿಪ್ಪೆಗೆ ಕಷ್ಟವೇ ಆಗಲಿಲ್ಲ. ಹಾಸನದ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಜ್ಯೂಸ್ ಅಂಗಡಿಯವರು ಎರಡು ದಿನದ ಸಿಪ್ಪೆ ತೆಗೆದಿಟ್ಟು ಕೊಟ್ಟರು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಅದನ್ನು ಚೆನ್ನಾಗಿ ತೊಳೆದು, ಹೆಚ್ಚಿ, ಹಾಸ್ಟೆಲ್ ರೂಮಿನ ಫ್ಯಾನ್ ಕೆಳಗೆ ಒಣಗಿಸಿದೆ.

ಪುಡಿಯಿಂದ ಸಾರ ತೆಗೆಯುವುದಕ್ಕೆ ಸಾಕ್ಸ್‌ಲೆಟ್ ಎಂಬ ಗಾಜಿನ ಉಪಕರಣ ಇದೆ. ಕೆಳಗಿನ ಬುರುಡೆಯಲ್ಲಿ ಮೆಥನಾಲ್ ಕುದಿಯುತ್ತದೆ. ಆವಿ ಮೇಲೆ ಹೋಗಿ, ತಣ್ಣಗಾಗಿ, ಹನಿಹನಿಯಾಗಿ ಪುಡಿಯ ಮೇಲೆ ಬೀಳುತ್ತದೆ. ಪುಡಿಯಿರುವ ಕೊಳವೆ ತುಂಬಿದ ಕೂಡಲೇ ಪಕ್ಕದ ಸಣ್ಣ ನಳಿಗೆಯಿಂದ ಅಷ್ಟೂ ದ್ರವ ಸೊರ್ ಎಂದು ಕೆಳಗೆ ಇಳಿಯುತ್ತದೆ. ಮತ್ತೆ ಕುದಿ, ಮತ್ತೆ ಹನಿ, ಮತ್ತೆ ಇಳಿತ. ಮೊದಲ ಇಳಿತ ಕಡುಹಸಿರು. ಬರಬರುತ್ತಾ ಬಣ್ಣ ತೆಳುವಾಗುತ್ತದೆ. ಕೊಳವೆಯಲ್ಲಿರುವ ದ್ರವಕ್ಕೆ ಬಣ್ಣ ಇಲ್ಲ ಎಂದಾಗ ನಿಲ್ಲಿಸಬೇಕು. ನಾನು ಇಡೀ ದಿನ ಅದರ ಮುಂದೆ ಕೂತಿರುತ್ತಿದ್ದೆ. ಇದನ್ನು 1879ರಲ್ಲಿ ಫ್ರಾನ್ಜ್ ಫಾನ್ ಸಾಕ್ಸ್‌ಲೆಟ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ವಿವರಿಸಿದ್ದು ಹಾಲಿನಲ್ಲಿ ಎಷ್ಟು ಕೊಬ್ಬಿದೆ ಎಂದು ಅಳೆಯುವುದಕ್ಕಂತೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಕೊಬ್ಬಿನ ಲೆಕ್ಕದಲ್ಲಿ ದುಡ್ಡು ತರುವ ಮನೆಯಿಂದ ಬಂದವಳು ನಾನು. ಅದು ಓದಿದಾಗ ಆ ಗಾಜು ಇನ್ನೂ ಹತ್ತಿರದ್ದು ಅನಿಸಿತು.

ಮೆಥನಾಲ್ ಹಾರಿಸಿದ ಮೇಲೆ ತಳದಲ್ಲಿ ಉಳಿಯುವುದು ಕಾಕಂಬಿ ಥರದ ಅಂಟು. ಅದೇ ಸಾರ. ಇದು ಕಷಾಯ ಅಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ಮೆಥನಾಲ್ ವಿಷ. ಲ್ಯಾಬಿನ ಸಾರ ಬೇರೆ, ಮನೆಯ ರಸ ಬೇರೆ. ನೀರಿಗೆ ಬರದ ಎಷ್ಟೋ ಅಂಶ ಮೆಥನಾಲ್‌ಗೆ ಬರುತ್ತದೆ, ಅದಕ್ಕೇ ಅದನ್ನು ಬಳಸುವುದು.

ಅಂಟನ್ನು ಕರಗಿಸಲು ಡಿಎಂಎಸ್ಒ ಎಂಬ ದ್ರಾವಕ ಬೇಕು. ಮುಂದೆ ಡಿಸೆಂಬರಿನ ಒಂದು ಬೆಳಿಗ್ಗೆ ಆ ಬಾಟಲಿ ತೆಗೆದು ನೋಡಿದರೆ ಒಳಗೆ ಕಲ್ಲು! ಯಾರೋ ಏನೋ ಬೆರೆಸಿದ್ದಾರೆ ಎಂದು ಗಾಬರಿಯಾಯಿತು. ಲ್ಯಾಬ್ ಅಟೆಂಡರ್ ಅಣ್ಣ ಬಂದು, ಬೆಚ್ಚಗಿನ ನೀರಲ್ಲಿ ಐದು ನಿಮಿಷ ಇಡಮ್ಮ ಎಂದರು. 18.5 ಡಿಗ್ರಿಗೇ ಅದು ಗಟ್ಟಿಯಾಗುತ್ತದೆ. ಹಾಸನದ ಚಳಿಗೆ ಅಷ್ಟು ಸಾಕು.

ಇನ್ನು ಪ್ಲೇಟು. ಬ್ಯಾಕ್ಟೀರಿಯಾ ಬೆಳೆಸಲು ಮುಲ್ಲರ್ ಹಿಂಟನ್ ಅಗರ್ ಎಂಬ ಪುಡಿ, ಒಂದು ಲೀಟರ್ ನೀರಿಗೆ 38 ಗ್ರಾಂ. ಆಟೋಕ್ಲೇವ್ ಎಂದರೆ ದೊಡ್ಡ ಪ್ರೆಶರ್ ಕುಕ್ಕರ್ ಅನ್ನಿ. ಅದರಲ್ಲಿ 121 ಡಿಗ್ರಿ, 15 ಪೌಂಡ್ ಒತ್ತಡದಲ್ಲಿ 15 ನಿಮಿಷ. ಕೈಗೆ ತಾಳುವಷ್ಟು ಆರಿದ ಮೇಲೆ ಗಾಜಿನ ತಟ್ಟೆಗೆ ಸುರಿದರೆ ಗಿಣ್ಣಿನ ಹಾಗೆ ಹೆಪ್ಪುಗಟ್ಟುತ್ತದೆ. ಈ ಅಗರ್‌ಗೆ ಹೆಸರು ಬಂದ ಇಬ್ಬರಲ್ಲಿ ಜೇನ್ ಹಿಂಟನ್ ಒಬ್ಬರು. 1941ರಲ್ಲಿ ಇದನ್ನು ಪ್ರಕಟಿಸಿದಾಗ ಇನ್ನೂ ಚಿಕ್ಕ ವಯಸ್ಸಿನ ಕಪ್ಪು ಹೆಣ್ಣುಮಗಳು. ಆಮೇಲೆ ಪಶುವೈದ್ಯೆ ಆದರು. ಡಬ್ಬಿಯ ಮೇಲಿನ ಆ ಹೆಸರನ್ನು ನಾನು ದಿನಾ ಓದುತ್ತಿದ್ದೆ.

ಬ್ಯಾಕ್ಟೀರಿಯಾವನ್ನು ಉಪ್ಪುನೀರಿನಲ್ಲಿ ಕದಡಿ, ಒಂದು ಹದಕ್ಕೆ ತರಬೇಕು. ಆ ಹದಕ್ಕೆ 0.5 ಮ್ಯಾಕ್‌ಫರ್ಲ್ಯಾಂಡ್ ಎಂದು ಹೆಸರು. ಒಂದು ಮಿಲಿಲೀಟರಿನಲ್ಲಿ ಸುಮಾರು 15 ಕೋಟಿ ಬ್ಯಾಕ್ಟೀರಿಯಾ. ಬಿಳಿ ಕಾರ್ಡಿನ ಕಪ್ಪು ಗೆರೆಗಳ ಮುಂದೆ ನಮ್ಮದೊಂದು, ಹದ ಗೊತ್ತಿರುವುದೊಂದು, ಹೀಗೆ ಎರಡು ನಳಿಕೆ ಹಿಡಿದು, ಗೆರೆ ಎರಡರಲ್ಲೂ ಒಂದೇ ಥರ ಮಸುಕಾಗಿದೆಯಾ ಎಂದು ಕಣ್ಣಳತೆಯಲ್ಲೇ ನೋಡುವುದು. ಜಾಸ್ತಿ ಆದರೆ ವೃತ್ತ ಸಣ್ಣದಾಗುತ್ತದೆ, ಕಡಿಮೆಯಾದರೆ ದೊಡ್ಡದು. ಹತ್ತಿಯ ಕಡ್ಡಿಯಿಂದ ಪ್ಲೇಟಿನ ಮೇಲೆ ಮೂರು ದಿಕ್ಕಿನಲ್ಲಿ ಸಾರಿಸಬೇಕು. ಸೆಗಣಿ ಸಾರಿಸಿದ ಹಾಗೆ, ಎಲ್ಲೂ ಬಿಡಬಾರದು. ಆಮೇಲೆ 6 ಮಿಲಿಮೀಟರ್ ಅಗಲದ ಕುಣಿ ಕೊರೆದು, ಒಂದೊಂದಕ್ಕೂ 100 ಮೈಕ್ರೋಲೀಟರ್ ಸಾರ ಬಿಡುವುದು. ಒಂದು ಕುಣಿಗೆ ಬರೀ ಡಿಎಂಎಸ್ಒ, ಅದೇ ಕೊಲ್ಲುತ್ತಿಲ್ಲ ಎಂಬ ಖಾತ್ರಿಗೆ. ಒಂದು ಕಡೆ, ಹೋಲಿಸಿ ನೋಡಲು, ಜೆಂಟಾಮೈಸಿನ್ ಎಂಬ ಆ್ಯಂಟಿಬಯಾಟಿಕ್ ಹಾಕಿದ ಬಿಲ್ಲೆ. ಮುಚ್ಚಿ, 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಡುವುದು. ಸಾರ ಬ್ಯಾಕ್ಟೀರಿಯಾವನ್ನು ತಡೆದರೆ ಕುಣಿಯ ಸುತ್ತ ಏನೂ ಬೆಳೆಯದ ತಿಳಿ ವೃತ್ತ ಉಳಿಯುತ್ತದೆ.

ಮೊದಲ ಪ್ಲೇಟುಗಳನ್ನು ತೆಗೆದ ಬೆಳಿಗ್ಗೆ ನಾನು ಮರೆಯಲಾರೆ. ಸ್ಟೆಫೈಲೋಕಾಕಸ್ ಬೆಳೆದ ಮಸುಕಿನ ನಡುವೆ, ಕಮ್ಯುನಿಸ್ಟ್ ಗಿಡದ ಕುಣಿಯ ಸುತ್ತ ತಿಳಿಯಾದ ವೃತ್ತ. 19 ಮಿಲಿಮೀಟರ್. ಇ. ಕೊಲೈ ಪ್ಲೇಟಿನಲ್ಲಿ 15. ಕೈ ನಡುಗುತ್ತಾ ಮೂರನೆಯದು ತೆಗೆದೆ. ಮುಚ್ಚಳ ಸ್ವಲ್ಪ ಎತ್ತಿದ್ದಷ್ಟೇ. ಅದೇ ಹುಳಿ ದ್ರಾಕ್ಷಿ ವಾಸನೆ. ಅಜ್ಜನ ಕೋಣೆಯ ವಾಸನೆ. ಅಗರ್ ಪೂರ್ತಿ ಹಸಿರು ನೀಲಿ. ಪಯೋಸಯನಿನ್ ಎಂಬ ಬಣ್ಣ ಅದು, ಈ ಬ್ಯಾಕ್ಟೀರಿಯಾದ ಗುರುತು. ಆ ಹಸಿರಿನ ನಡುವೆ 12 ಮಿಲಿಮೀಟರಿನ ವೃತ್ತ ಇತ್ತು.

ನಾನು ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ ಹೋಗಿ ಕೂತು ಅತ್ತೆ. ಹಿಂಡಿದ್ದರೆ ಬೆರಳು ಉಳಿಯುತ್ತಿತ್ತು ಎಂಬುದೊಂದೇ ಆಗ ತಲೆಯಲ್ಲಿದ್ದದ್ದು.

ಮೇಡಂ ಪ್ಲೇಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಲಕ್ಕಿ ಸೊಪ್ಪಿನ ಸುತ್ತಲೂ ಹೆಚ್ಚುಕಡಿಮೆ ಅಷ್ಟೇ ದೊಡ್ಡ ವೃತ್ತ. “ಎರಡೂ ಬೇರೆ ಬೇರೆ ಗಿಡ. ಎರಡರದೂ ಒಂದೇ ಥರ ಇದೆ. ಎಲ್ಲಿ ಒಣಗಿಸಿದೆ?” ಎಂದರು. ಅಟ್ಟದಲ್ಲಿ ಎಂದೆ. “ಸೌದೆ ಒಲೆನಾ?” ಹೌದು ಎಂದೆ. ಅವರು ಪ್ಲೇಟು ಕೆಳಗಿಟ್ಟರು.

ಹೊಗೆಯಲ್ಲಿ ಫೀನಾಲ್ ಜಾತಿಯ ವಸ್ತುಗಳಿರುತ್ತವೆ. ಬ್ಯಾಕ್ಟೀರಿಯಾ ತಡೆಯುವ ಶಕ್ತಿ ಅವಕ್ಕಿದೆ. ಮಾಂಸ, ಮೀನನ್ನು ಹೊಗೆಗೆ ಕಟ್ಟಿದರೆ ಬಹಳ ದಿನ ಕೆಡದೆ ಇರುವುದಕ್ಕೆ ಅದೂ ಒಂದು ಕಾರಣ. ಹತ್ತು ದಿನ ನನ್ನ ಸೊಪ್ಪು ಆ ಹೊಗೆ ಕುಡಿದಿತ್ತು. ಹಾಗಾದರೆ ಕೊಂದದ್ದು ಎಲೆಯಾ, ಒಲೆಯಾ?

ಅದನ್ನು ಊಹೆಯಲ್ಲಿ ಬಿಡುವುದು ಬೇಡ ಎಂದರು ಮೇಡಂ. ತೊಳೆದ ಬಿಳಿ ಹತ್ತಿ ಬಟ್ಟೆಯ ತುಂಡುಗಳನ್ನು ಅದೇ ಅಟ್ಟದಲ್ಲಿ ಹತ್ತು ದಿನ ಇಡಿಸಿದೆ. ಬಟ್ಟೆ ಹಳದಿಗೆ ತಿರುಗಿತ್ತು. ಅದರಿಂದ ಸೊಪ್ಪಿನ ಹಾಗೆಯೇ ಸಾರ ತೆಗೆದು ಕುಣಿಗೆ ಬಿಟ್ಟೆ. ಮಾರನೇ ದಿನ ಬಟ್ಟೆಯ ಸಾರದ ಸುತ್ತ 13 ಮಿಲಿಮೀಟರ್ ವೃತ್ತ. ಹಾಸ್ಟೆಲ್‌ನಲ್ಲಿಟ್ಟ ಬಟ್ಟೆಯ ಸುತ್ತ ಏನೂ ಇಲ್ಲ.

ನನ್ನ ಇಡೀ ಪ್ರಾಜೆಕ್ಟಿನಲ್ಲಿ ಅತ್ಯಂತ ಬೆಲೆಯುಳ್ಳ ಪ್ಲೇಟು ಯಾವುದು ಎಂದರೆ ನಾನು ಅದನ್ನೇ ತೋರಿಸುತ್ತೇನೆ. ಅದು ಗಿಡದ್ದೇ ಅಲ್ಲ, ಬರೀ ಬಟ್ಟೆಯದು. ಆದರೆ ಅದಿಲ್ಲದಿದ್ದರೆ ಸೌದೆ ಹೊಗೆಯ ಗುಣವನ್ನು ನಾನು ಅಜ್ಜಿಯ ಸೊಪ್ಪಿನ ಹೆಸರಿಗೆ ಬರೆದುಬಿಡುತ್ತಿದ್ದೆ. ಯಾರಾದರೂ ಅದನ್ನು ಓದಿ ನಂಬುತ್ತಿದ್ದರು. ಸಕ್ಕರೆ ಕಾಯಿಲೆಯ ಗಾಯಕ್ಕೆ ಸೊಪ್ಪು ಕಟ್ಟಿಕೊಂಡು ಮನೆಯಲ್ಲಿ ಕೂರುತ್ತಿದ್ದರೋ ಏನೋ. ಅದು ನೆನೆದರೆ ಈಗಲೂ ಮೈ ಜುಮ್ ಎನ್ನುತ್ತದೆ.

ಮೂರನೇ ಸಲ ಸೊಪ್ಪು ಕೊಯ್ದದ್ದು ಹಾಸನಾಂಬೆಯ ಬಾಗಿಲು ತೆಗೆದ ದಿನಗಳಲ್ಲಿ. ಬಸ್ಸುಗಳೆಲ್ಲ ತುಂಬಿ ತುಳುಕುತ್ತಿದ್ದವು. ಸೊಪ್ಪಿನ ಚೀಲ ತಲೆ ಮೇಲೆ ಹಿಡಿದು ಸಕಲೇಶಪುರದಿಂದ ನಿಂತೇ ಬಂದೆ. ಮಳೆ ನಿಂತಿತ್ತು. ಹಾಸ್ಟೆಲ್ ಕೋಣೆಯಲ್ಲಿ, ಒಲೆಯ ಸುಳಿವೇ ಇಲ್ಲದ ಕಡೆ, ಫ್ಯಾನ್ ಕೆಳಗೆ ಒಣಗಿಸಿದೆ. ಒಂದೂವರೆ ತಿಂಗಳು ಬಿಟ್ಟು ಹೂ ಬಿಟ್ಟ ರೆಂಬೆಯೂ ಸಿಕ್ಕಿತು. ಹಾಳೆಗೆ ಅಂಟಿಸಿ ಗುರುತು ಹಿಡಿಸಿದ್ದಾಯಿತು.

ಮತ್ತೆ ಪ್ಲೇಟು. ಈ ಸಲ ಜೆಂಟಾಮೈಸಿನ್ ಬಿಲ್ಲೆಯೇ ಕೈಕೊಟ್ಟಿತು. ಸ್ಟೆಫೈಲೋಕಾಕಸ್‌ನ ಆ ತಳಿಗೆ 10 ಮೈಕ್ರೋಗ್ರಾಂ ಬಿಲ್ಲೆ 19ರಿಂದ 27 ಮಿಲಿಮೀಟರ್ ವೃತ್ತ ಕೊಡಬೇಕು. ನನ್ನದು 30. ಬಿಲ್ಲೆ ಗಡಿ ದಾಟಿತು ಎಂದರೆ ಆ ದಿನದ ಯಾವ ಅಳತೆಯೂ ಲೆಕ್ಕಕ್ಕಿಲ್ಲ. ಹುಡುಕಿದರೆ ಕಾರಣ ಸರಳ. ಪುಡಿ ಉಳಿಸಲು ಪ್ಲೇಟಿಗೆ ಅಗರ್ ಕಡಿಮೆ ಸುರಿದಿದ್ದೆ. 4 ಮಿಲಿಮೀಟರ್ ದಪ್ಪ ಇರಬೇಕು. ಮಾಮೂಲಿ ಪ್ಲೇಟಿಗೆ ಸುಮಾರು 25 ಮಿಲಿಲೀಟರ್ ಬೇಕು. ತೆಳುವಾದರೆ ಔಷಧಿ ಕೆಳಗೆ ಇಳಿಯಲು ಜಾಗ ಇಲ್ಲದೆ ಅಡ್ಡಕ್ಕೇ ಹರಡುತ್ತದೆ. ಎಲ್ಲ ಪ್ಲೇಟನ್ನೂ ಆಟೋಕ್ಲೇವ್ ಮಾಡಿ ಎಸೆದೆ. ಬದುಕಿರುವ ಬ್ಯಾಕ್ಟೀರಿಯಾವನ್ನು ಹಾಗೇ ಕಸಕ್ಕೆ ಹಾಕುವಂತಿಲ್ಲ.

ಆ ರಾತ್ರಿ ಅಜ್ಜನ ಹಳೇ ರಿಪೋರ್ಟನ್ನು ಫೋನಿನಲ್ಲಿ ತೆಗೆದು ನೋಡಿದೆ. ಎಸ್, ಆರ್ ಎಂಬ ಆ ಅಕ್ಷರಗಳು ಬಂದದ್ದೂ ಹೀಗೇ. ಯಾರೋ ಒಬ್ಬರು ಅಗರ್ ಸುರಿದು, ಸಾರಿಸಿ, ಬಿಲ್ಲೆ ಇಟ್ಟು, ಬೆಳಿಗ್ಗೆ ಸ್ಕೇಲ್ ಹಿಡಿದು ಅಳೆದಿದ್ದಾರೆ. 1966ರಲ್ಲಿ ಬಾವರ್, ಕಿರ್ಬಿ ಮತ್ತು ಅವರ ಜೊತೆಗಾರರು ಗೊತ್ತುಮಾಡಿದ ಕ್ರಮ ಇದು. ಒಂದು ಪ್ಲೇಟು ತೆಳುವಾಗಿದ್ದರೆ ಆರ್ ಎನ್ನುವುದು ಎಸ್ ಆಗಿಬಿಡಬಹುದು. ಒಂದು ಅಕ್ಷರ ತಪ್ಪಿದರೆ ರೋಗಿಗೆ ನಾಟದ ಔಷಧಿ ಹೋಗುತ್ತದೆ. ಪುಡಿ ಉಳಿಸುವ ಯೋಚನೆ ಮತ್ತೆ ಯಾವತ್ತೂ ಬರಲಿಲ್ಲ.

ಆಮೇಲೆ ಎಲ್ಲವನ್ನೂ ಮೂರು ಮೂರು ಸಲ ಮಾಡಿದೆ. ಈ ಭಾಗ ಬಹಳ ದಿನ ಹಿಡಿಯಿತು, ಆದರೆ ಹೇಳಲು ಹೆಚ್ಚೇನಿಲ್ಲ. ಒಮ್ಮೆ ಕರೆಂಟ್ ಹೋಗಿ, ಪ್ಲೇಟು ಬೆಚ್ಚಗಿಡುವ ಇನ್‌ಕ್ಯುಬೇಟರ್ ತಣ್ಣಗಾಗಿತ್ತು, ಆ ವಾರದ್ದು ಬಿಟ್ಟೆ.

ಕೊನೆಗೆ ಉಳಿದದ್ದು ಇಷ್ಟು. ದಾಳಿಂಬೆ ಸಿಪ್ಪೆ ಸ್ಟೆಫೈಲೋಕಾಕಸ್ ಮೇಲೆ 18 ಮಿಲಿಮೀಟರ್, ಇ. ಕೊಲೈ ಮೇಲೆ 12. ಕಮ್ಯುನಿಸ್ಟ್ ಗಿಡ ಸ್ಟೆಫೈಲೋಕಾಕಸ್ ಮೇಲೆ 11. ಲಕ್ಕಿ 9. ಈ ಎರಡು ಸೊಪ್ಪೂ ಇ. ಕೊಲೈ ಮೇಲೆ ಏನೂ ಮಾಡಲಿಲ್ಲ. ಸ್ಯೂಡೋಮೋನಾಸ್ ಪ್ಲೇಟಿನಲ್ಲಿ ದಾಳಿಂಬೆಯ ಸುತ್ತ ಒಂದು ಸಲ 8 ಮಿಲಿಮೀಟರ್ ಎನ್ನುವಷ್ಟು ಕಂಡಿತು, ಉಳಿದೆರಡು ಸಲ ಕಾಣಲಿಲ್ಲ. ಸೊಪ್ಪುಗಳದ್ದು ಸೊನ್ನೆ. ಹಸಿರು ಮಸುಕು ಕುಣಿಯ ಅಂಚಿನವರೆಗೂ ಬೆಳೆದು ನಿಂತಿತ್ತು.

ಹೀಗಾಗುವುದಕ್ಕೆ ಕಾರಣ ಬ್ಯಾಕ್ಟೀರಿಯಾದ ಮೈಯಲ್ಲಿದೆ. ಸ್ಟೆಫೈಲೋಕಾಕಸ್‌ಗೆ ದಪ್ಪ ಗೋಡೆ ಇದೆ, ಆದರೆ ಹೊರಗೆ ಇನ್ನೊಂದು ಹೊದಿಕೆ ಇಲ್ಲ. ಇ. ಕೊಲೈ, ಸ್ಯೂಡೋಮೋನಾಸ್‌ಗೆ ಗೋಡೆ ತೆಳು, ಅದರ ಹೊರಗೆ ಕೊಬ್ಬಿನಂಥ ಪೊರೆ. ಕಾಫಿ ಹಣ್ಣಿನ ಸಿಪ್ಪೆ ತೆಗೆದರೂ ಒಳಗೆ ಪಾರ್ಚ್‌ಮೆಂಟ್ ಇರುತ್ತದಲ್ಲ, ಹಾಗೆ ಒಂದು ದಾಟಿದರೆ ಇನ್ನೊಂದು. ಸ್ಯೂಡೋಮೋನಾಸ್ ಇನ್ನೂ ಮುಂದೆ. ಒಳಗೆ ನುಗ್ಗಿದ ವಸ್ತುವನ್ನು ಪಂಪ್ ಹಾಕಿ ಹೊರಗೆ ಚೆಲ್ಲುವ ವ್ಯವಸ್ಥೆಯೇ ಅದಕ್ಕಿದೆ. ದೊಡ್ಡ ದೊಡ್ಡ ಆ್ಯಂಟಿಬಯಾಟಿಕ್‌ಗಳೇ ಅದರ ಮುಂದೆ ಸೋಲುವುದು ಇದರಿಂದ.

ಮನೆಯಲ್ಲಿ ಎಲೆಯನ್ನು ಕುದಿಸುವುದಿಲ್ಲ, ಹಸಿಯಾಗಿ ಹಿಂಡುತ್ತಾರೆ. ಆ ಯೋಚನೆ ನನ್ನನ್ನು ಬಿಡಲಿಲ್ಲ. ಮಲೇರಿಯಾದ ಔಷಧಿ ಹುಡುಕಿದ ಚೀನಾದ ತು ಯುಯು ಅವರಿಗೂ ಗಿಡವನ್ನು ಕಾಯಿಸಿ ತೆಗೆದ ಸಾರ ಸರಿಯಾಗಿ ಕೆಲಸ ಮಾಡಿರಲಿಲ್ಲ. ತಣ್ಣೀರಲ್ಲಿ ನೆನೆಸಿ ಹಿಂಡಿ ಎಂದು ಹಳೆಯ ವೈದ್ಯ ಗ್ರಂಥದಲ್ಲಿದ್ದ ಮಾತು ನೋಡಿ, ಕಡಿಮೆ ಬಿಸಿಯಲ್ಲಿ ಸಾರ ತೆಗೆದರು. ಅದು ಫಲ ಕೊಟ್ಟಿತು. 2015ರಲ್ಲಿ ನೊಬೆಲ್ ಬಂತು. ನಾನೂ ಹಸಿ ರಸ ಹಿಂಡಿ, ಸಿರಿಂಜ್ ಫಿಲ್ಟರಿನಲ್ಲಿ ಸೋಸಿದೆ. ಸೋಸದಿದ್ದರೆ ಎಲೆಯ ಮೇಲಿನ ಬ್ಯಾಕ್ಟೀರಿಯಾವೇ ಪ್ಲೇಟಿನಲ್ಲಿ ಬೆಳೆಯುತ್ತದೆ. ಫಿಲ್ಟರ್ ಮೂರು ಸಲ ಕಟ್ಟಿಕೊಂಡಿತು. ಸಿಕ್ಕ ಒಂದೆರಡು ಮಿಲಿಲೀಟರ್ ರಸವನ್ನು ಮೂರೂ ಪ್ಲೇಟಿಗೆ ಬಿಟ್ಟೆ. ಯಾವುದರಲ್ಲೂ ವೃತ್ತ ಬರಲಿಲ್ಲ.

ದಾಳಿಂಬೆಯ 18 ಮಿಲಿಮೀಟರ್ ನೋಡಿ ಜೊತೆಯವರು ಖುಷಿಪಟ್ಟರು. ಜೆಂಟಾಮೈಸಿನ್‌ನದು 22 ಇತ್ತು, ಬರೀ ನಾಲ್ಕು ಕಡಿಮೆ ಎಂದರು. ಮೇಡಂ ಬೋರ್ಡಿನ ಮೇಲೆ ಲೆಕ್ಕ ಹಾಕಿಸಿದರು. ನಮ್ಮ ಸಾರ ಮಿಲಿಲೀಟರಿಗೆ 100 ಮಿಲಿಗ್ರಾಂ. ಕುಣಿಗೆ ಬಿಟ್ಟದ್ದು 100 ಮೈಕ್ರೋಲೀಟರ್. ಅಂದರೆ 10 ಮಿಲಿಗ್ರಾಂ. ಬಿಲ್ಲೆಯಲ್ಲಿ ಇದ್ದದ್ದು 10 ಮೈಕ್ರೋಗ್ರಾಂ. ಒಂದಕ್ಕೆ ಸಾವಿರ. ಕುಣಿಯೂ ಬಿಲ್ಲೆಯೂ ಒಂದೇ ಅಲ್ಲ, ಸಾರದಲ್ಲಿ ನೂರಾರು ವಸ್ತು ಸೇರಿರುತ್ತವೆ, ನಿಜ. ಆದರೂ ಎರಡು ವೃತ್ತಗಳ ಫೋಟೋ ಪಕ್ಕಪಕ್ಕ ಇಟ್ಟು ಔಷಧಿಗೆ ಸಮ ಎಂದು ಬರೆಯುವವರು ಈ ಸಾವಿರವನ್ನು ಬರೆಯುವುದೇ ಇಲ್ಲ. ನನಗೆ ಇದು ಬಹಳ ಬೇಸರದ ವಿಷಯ. ಗಿಡದ ಮೇಲೆ ನಿಜವಾದ ಪ್ರೀತಿ ಇದ್ದವರು ಅದನ್ನು ಮುಚ್ಚಿಡಬಾರದು.

ಆಮೇಲೆ ಎಂಐಸಿ ನೋಡಿದೆ. ಎಷ್ಟು ಕಡಿಮೆ ಸಾರಕ್ಕೆ ಬೆಳವಣಿಗೆ ನಿಲ್ಲುತ್ತದೆ ಎಂಬ ಅಳತೆ ಅದು. 96 ಪುಟ್ಟ ಗುಳಿಗಳ ತಟ್ಟೆಯಲ್ಲಿ ಸಾರವನ್ನು ಅರ್ಧರ್ಧ ಮಾಡುತ್ತಾ ಹೋಗಬೇಕು. ದಾಳಿಂಬೆ ಸಾರ ಕಂದು ಬಣ್ಣ, ಕದಡಿದೆಯಾ ತಿಳಿಯಾಗಿದೆಯಾ ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೆ ರೆಸಜುರಿನ್ ಎಂಬ ನೀಲಿ ಬಣ್ಣ ಹಾಕುತ್ತಾರೆ. ಬ್ಯಾಕ್ಟೀರಿಯಾ ಬದುಕಿದ್ದರೆ ನೀಲಿ ಗುಲಾಬಿಗೆ ತಿರುಗುತ್ತದೆ. ಇಲ್ಲೂ ಒಂದು ಎಚ್ಚರ ಬೇಕು. ಕೆಲವು ಸಾರಗಳು ಬ್ಯಾಕ್ಟೀರಿಯಾ ಇಲ್ಲದೆಯೂ ಆ ಬಣ್ಣ ಬದಲಿಸುತ್ತವೆ. ಹಾಗಾಗಿ ಬರೀ ಸಾರದ ಗುಳಿಯೂ ಇರಬೇಕು. ಸ್ಟೆಫೈಲೋಕಾಕಸ್‌ಗೆ ದಾಳಿಂಬೆಯ ಅಳತೆ ಮಿಲಿಲೀಟರಿಗೆ 0.78 ಮಿಲಿಗ್ರಾಂ ಬಂತು. ಅಂದರೆ 780 ಮೈಕ್ರೋಗ್ರಾಂ. ಜೆಂಟಾಮೈಸಿನ್‌ಗೆ 1 ಮೈಕ್ರೋಗ್ರಾಂ ಕೂಡ ಬೇಕಾಗಲಿಲ್ಲ.

ದಾಳಿಂಬೆ ಸಿಪ್ಪೆಯ ಶಕ್ತಿ ಬಹುಮಟ್ಟಿಗೆ ಅದರ ಟ್ಯಾನಿನ್‌ನಿಂದ. ಬಾಯಿಗೆ ಹಾಕಿದರೆ ನಾಲಿಗೆ ಹಿಡಿದುಕೊಳ್ಳುವ ಒಗರು ಇದೆಯಲ್ಲ, ಅದೇ. ಟ್ಯಾನಿನ್ ಎದುರಿಗೆ ಸಿಕ್ಕ ಪ್ರೋಟೀನನ್ನೆಲ್ಲ ಹಿಡಿಯುತ್ತದೆ, ಬ್ಯಾಕ್ಟೀರಿಯಾದ್ದು, ನಮ್ಮದು ಎಂದು ನೋಡುವುದಿಲ್ಲ. ಪ್ಲೇಟಿನಲ್ಲಿ ಗೆದ್ದದ್ದು ಮೈಯೊಳಗೆ ಗೆಲ್ಲುವುದಕ್ಕೆ ಇನ್ನೂ ಎಷ್ಟೋ ಮೆಟ್ಟಿಲು ಇವೆ. ಆದರೆ ಹುಡುಕುವುದನ್ನು ಬಿಡುವ ಕಾಲ ಇದಲ್ಲ. 2019ರ ಒಂದೇ ವರ್ಷದಲ್ಲಿ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಎಂದು ಅಂದಾಜು. ಆ ಲೆಕ್ಕ ಓದುವಾಗ ನನಗೆ ಅಜ್ಜನ ಹಸಿರು ಬ್ಯಾಂಡೇಜೇ ಕಣ್ಣಿಗೆ ಬರುತ್ತದೆ.

ಜನವರಿಯಲ್ಲಿ ಊರಿಗೆ ಹೋದೆ. ಅಜ್ಜಿ ಕಣದಲ್ಲಿ ಕಾಫಿ ಹರಡುತ್ತಿದ್ದರು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಹೊಗೆಯ ಕಥೆ ಕೇಳಿ ಅಜ್ಜಿ, “ಅಯ್ಯೋ, ನಾನೇ ಅಟ್ಟಕ್ಕೆ ಹಾಕು ಅಂದೆ” ಎಂದು ಪೇಚಾಡಿದರು. ಹಸಿರು ಕೀವಿನ ಬ್ಯಾಕ್ಟೀರಿಯಾ ಮೇಲೆ ನಿನ್ನ ಸೊಪ್ಪು ನಡೆಯಲಿಲ್ಲ ಅಜ್ಜಿ ಎಂದೆ. ಹೇಳುವಾಗ ಗಂಟಲು ಕಟ್ಟಿತು.

ಅಜ್ಜಿ ನನ್ನನ್ನೇ ನೋಡಿದರು. “ಕೀವಿಗೆ ಅಂತ ನಿಂಗ್ಯಾರು ಹೇಳಿದ್ದು ಮಗ? ಅದು ರಕ್ತ ನಿಲ್ಸಕ್ಕೆ. ಹಸಿ ಗಾಯಕ್ಕೆ ಮಾತ್ರ” ಎಂದರು.

ನಾನು ಸುಮ್ಮನಾದೆ. ಆರು ತಿಂಗಳು ಆ ಎಲೆಯನ್ನು ಒಣಗಿಸಿ, ಕುದಿಸಿ, ಅಳೆದಿದ್ದೆ. ಅದು ಏನು ಮಾಡುತ್ತದೆ ಎಂದು ಅಜ್ಜಿಯನ್ನು ಒಂದು ಸಲವೂ ಕೇಳಿರಲಿಲ್ಲ. ಈ ಗಿಡಕ್ಕೆ ರಕ್ತ ನಿಲ್ಲಿಸುವ ಗುಣ ಇದೆ ಎಂದು ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಕಂಡಿದೆ. ನನ್ನ ಪ್ಲೇಟುಗಳು ಅದನ್ನು ನೋಡುವ ಪ್ಲೇಟುಗಳೇ ಅಲ್ಲ.

“ಅಜ್ಜನ ಕಾಲಿಗೆ ಅದಕ್ಕೇ ಕಟ್ಟಲಿಲ್ವಾ?” ಎಂದು ಕೇಳಿದೆ. ಐದಾರು ವರ್ಷ ಒಳಗೇ ಇಟ್ಟುಕೊಂಡದ್ದು ಹಾಗೆ ಹೊರಗೆ ಬಂತು.

“ಇನ್ಯಾಕೆ? ಕೀವು ಕಟ್ಟಿದ್ ಗಾಯಕ್ಕೆ ಆ ಸೊಪ್ಪು ಮುಟ್ಟಿಸ್ಬಾರ್ದು ಅಂತ ನಮ್ಮವ್ವ ಹೇಳೋಳು. ಆಸ್ಪತ್ರೆಗೆ ಕರ್ಕೊಂಡ್ ಹೋಗು ಅಂತ ನಿಮ್ಮಪ್ಪಂಗೆ ಮೊದ್ಲು ಹೇಳಿದ್ದೇ ನಾನು. ನಿನ್ನಜ್ಜ ಕೇಳ್ಬೇಕಲ್ಲ. ಹತ್ತು ದಿನ ತಡ ಮಾಡಿದ್ರು.”

ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ಕಾಫಿ ಎಳೆಯತೊಡಗಿದರು. ನಾನು ಚೀಲದಿಂದ ನೋಟ್‌ಬುಕ್ ತೆಗೆದೆ. ಲಕ್ಕಿ ಸೊಪ್ಪು ಯಾವುದಕ್ಕೆ ಎಂದು ಕೇಳಿದೆ. ಮೈಕೈ ನೋವಿಗೆ, ಬಾಣಂತಿ ಸ್ನಾನದ ನೀರಿಗೆ ಎಂದರು. ಬರೆದುಕೊಂಡೆ. ಯಾವ ತಿಂಗಳ ಎಲೆ, ಎಳೆಯದಾ ಬಲಿತದ್ದಾ, ಎಷ್ಟು ಹೊತ್ತು ಇಡಬೇಕು, ಯಾವಾಗ ಮುಟ್ಟಲೇಬಾರದು ಎಂದು ಒಂದೊಂದಾಗಿ ಕೇಳುತ್ತಾ ಹೋದೆ. ಬಿಸಿಲು ಇಳಿಯುವವರೆಗೂ ಅಜ್ಜಿ ಹೇಳಿದರು. ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹೀಗಿದೆ: ಕಮ್ಯುನಿಸ್ಟ್ ಗಿಡ. ಹಸಿ ಗಾಯ. ರಕ್ತ ನಿಲ್ಲಲು. ಕೀವಾಗಿದ್ದರೆ ಬೇಡ, ಆಸ್ಪತ್ರೆ.